ಎರಡನೇ ಪುಟದ ಮಾಲವ್ವ

ದಾಂಡೇಲಿ
ಬುಧವಾರ, ಮಧ್ಯಾಹ್ನ

ನಮ್ಮ ಮನೆಯ ಜಾಣ ಪೆದ್ದಿ ಮಧುಮತಿಗೆ, ನಿನ್ನ ಪೂರ್ಣಿಮಕ್ಕನ ಪ್ರೀತಿಯ ನೆನಪುಗಳು.

ಫೋನು ಹಚ್ಚಿ ಹಚ್ಚಿ ಸಾಕಾಗಿ ಕಾಗದ ತೆಗೆದುಕೊಂಡು ಕೂತಿದ್ದೇನೆ. ರೆಸಾರ್ಟುಗಳ ಹೆಸರನ್ನು ಇಂಟರ್‌ನೆಟ್ಟಿನಲ್ಲಿ ಬೆಳಗಿಸುವ ಕಂಪನಿ ತನ್ನ ಇಂಟರ್ನ್ ಹುಡುಗಿಯನ್ನು ರೇಂಜೇ ಸಿಗದ ಹೋಮ್‌ಸ್ಟೇಗೆ ಕಳಿಸಿದೆಯಲ್ಲ, ಅದಕ್ಕೇ ನಗು ಬರುತ್ತಿದೆ. ಜೊಯಿಡಾ ಬಸ್ಸಿನ ಕಂಡಕ್ಟರ್ ಹತ್ತಿರ ಇದನ್ನು ಕೊಟ್ಟು ಕಳಿಸುತ್ತೇನೆ. ಆ ಹೋಮ್‌ಸ್ಟೇಯವರಿಗೆ ದಿನಾ ಹಾಲಿನ ಪಾಕೀಟು ಮುಟ್ಟಿಸುವವನು ಅವನೇ ಅಂತೆ.

ಕಂಪನಿ ಕಳಿಸಿತು ಎಂದು ನೀನು ಅವ್ವನಿಗೆ ಹೇಳಿ ಹೋದೆ. ನೀನೇ ಬೇಡಿಕೊಂಡು ಹೋಗಿದ್ದೀ ಎಂಬುದು ನನಗೆ ಗೊತ್ತು. ನನ್ನನ್ನು ನೋಡಿಹೋಗಿದ್ದ ಲೋಕೇಶನ ಸೋದರಮಾವ ಉಳವಪ್ಪನವರು ಭಾನುವಾರ ಹಳಿಯಾಳದಿಂದ ಬಂದು ನಮ್ಮ ಮನೆಯ ಚಹಾ ಮುಟ್ಟದೆ ಎದ್ದುಹೋದಾಗ ನಾನು ನಿನ್ನ ಮೇಲೆ ಹರಿಹಾಯ್ದೆ. ಈ ಸಂಬಂಧ ತಪ್ಪಿದರೆ ನಿನ್ನಿಂದಲೇ ತಪ್ಪಿತು ಎಂದೂ ಅಂದೆ. ಮರುದಿನ ಮೊದಲ ಬಸ್ಸಿಗೆ ನೀನು ಮುಖ ತೋರಿಸದೆ ಹೋದೆ. ಅಲ್ಲಿ ಕೂತು ಅಳುತ್ತಿದ್ದರೆ ಮೊದಲು ಮೂಗು ಒರೆಸಿಕೋ, ಆಮೇಲೆ ಮುಂದೆ ಓದು.

ನನಗೆ ಅಷ್ಟು ಸಿಟ್ಟು ಯಾಕೆ ಬಂದಿತ್ತು ಹೇಳಲಾ? ಲೋಕೇಶ ನನಗೆ ಮನಸ್ಸಿಗೆ ಬಂದಿದ್ದ. ನೋಡಲು ಬಂದ ದಿನ ಎಲ್ಲರೂ ಅಡುಗೆ ಬರುತ್ತದೆಯೇ ಎಂದು ಕೇಳುತ್ತಿದ್ದರೆ, ಅವನು ಮೆಲ್ಲಗೆ, "ಬಿಳಿ ಗುಳಿಗಿ ಎಲ್ಲಾ ನನಗ ಒಂದ ನಮೂನಿ ಕಾಣ್ತಾವ್ರಿ. ನಿಮಗ ಹೆಂಗ ಗುರ್ತ ಹತ್ತತೈತಿ?" ಎಂದು ನನ್ನ ಮೆಡಿಕಲ್ ಅಂಗಡಿಯ ಕೆಲಸದ ಬಗ್ಗೆ ಕೇಳಿದ. ಹಿಂದೆ ಬಂದ ಎರಡೂ ಸಂಬಂಧಗಳು ಓಣಿಯಲ್ಲಿ ಮನೆತನ ವಿಚಾರಿಸಿಕೊಂಡು ಹೋದ ಮೇಲೆ ಸದ್ದಿಲ್ಲದೆ ಮುರಿದಿದ್ದವು. ಇದೊಂದು ಮುರಿಯಬಾರದು ಎಂದು ನಾನು ಮೊದಲ ಬಾರಿ ಮನಸಾರೆ ಬಯಸಿದ್ದೆ. ನೀನೂ ಬಯಸಿದ್ದೆ, ಅದೇ ಎಡವಟ್ಟಾಯಿತು.

ನಿನ್ನ ಕೆಲಸವನ್ನು ಹೀಗಳೆಯುತ್ತಿಲ್ಲ ಕಣೇ. ಸೈಕಲ್ ಅಂಗಡಿಯ ಮೇಲಿನ ನಿಮ್ಮ ಆಫೀಸಿನ ಆ ಒಂದೇ ಖೋಲಿಯಲ್ಲಿ ಕೂತು, ಬಿಸಿನೀರು ಬರಲಿಲ್ಲ ಎಂದು ಬೈದ ಪ್ರವಾಸಿಗರಿಗೆಲ್ಲ ನೀನು ಬರೆಯುತ್ತಿದ್ದ ವಿನಯದ ಉತ್ತರಗಳನ್ನು ಓದಿ ನಾನು ಬೆರಗಾಗಿದ್ದೇನೆ. ಮನೆಯಲ್ಲಿ ನನ್ನ ಓಢಣಿ ಹರಿದಾಗಲೂ ಒಮ್ಮೆ ತಪ್ಪಾಯಿತು ಎನ್ನದ ಹುಡುಗಿ, ಕಂಡರಿಯದವರ ಕ್ಷಮೆ ಕೇಳುವುದರಲ್ಲಿ ಎಂಥ ನಿಸ್ಸೀಮಳಾಗಿದ್ದೆ! ನಿಮ್ಮ ಸಾಹೇಬ ಕುಬೇರ ಕಲಿಸಿದ್ದನ್ನು ಊಟಕ್ಕೆ ಕೂತಾಗಲೂ ಒಪ್ಪಿಸುತ್ತಿದ್ದೆ: ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಒಳ್ಳೆಯ ಮಾತು ಮೇಲೆ ಬರಬೇಕು, ಕೆಟ್ಟ ಮಾತನ್ನು ಎರಡನೇ ಪುಟಕ್ಕೆ ತಳ್ಳಬೇಕು, ಎರಡನೇ ಪುಟವನ್ನು ಯಾರೂ ತೆಗೆದು ನೋಡುವುದಿಲ್ಲ.

ಗಂಡಿನ ಕಡೆಯವರು ವಿಚಾರಿಸಲು ಬರುತ್ತಾರೆ ಎಂದು ತಿಳಿದಾಗ ನೀನು ನಮ್ಮ ಕ್ವಾರ್ಟರ್ಸ್ ಓಣಿಯನ್ನೇ ಕಂಪ್ಯೂಟರ್ ಮಾಡಿಬಿಟ್ಟೆ. ಕಿರಾಣಿ ಅಂಗಡಿ ಹರೀಶನಿಗೆ, ಲಕ್ಷ್ಮೀದೇವಿ ಟೀಚರಿಗೆ, ಎದುರು ಮನೆಯವರಿಗೆ, ಎಲ್ಲರಿಗೂ ಒಂದೇ ವಾಕ್ಯ ಬಾಯಿಪಾಠ ಮಾಡಿಸಿದೆ. ಉಳವಪ್ಪನವರು ಅಂಗಡಿಯಲ್ಲಿ ಎಲೆ ಅಡಿಕೆ ಕೊಳ್ಳುವ ನೆವದಲ್ಲಿ ನಮ್ಮ ವಿಷಯ ತೆಗೆದರೆ, ಹರೀಶ ನೆಟ್ಟಗೆ ನಿಂತು, "ಸಂಸ್ಕಾರವಂತ ಕುಟುಂಬ. ಹುಡುಗಿ ಮೃದು ಸ್ವಭಾವದವಳು," ಎಂದನಂತೆ. ಟೀಚರೂ ಅದನ್ನೇ ಹೇಳಿದರು. ಎದುರು ಮನೆಯವರೂ ಅದನ್ನೇ ಹೇಳಿದರು. ನಮ್ಮ ಓಣಿಯಲ್ಲಿ ಹುಟ್ಟಿದಾಗಿನಿಂದ ಯಾರೂ ಆಡದ ಮಾತು ಅದು. ಅದರಲ್ಲೂ ನಾನು, ಮೃದು ಸ್ವಭಾವದವಳು! ಅವ್ವನಿಗೇ ಕೇಳಿದ್ದರೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಉಳವಪ್ಪನವರಿಗೆ ಆಗಲೇ ಸಂಶಯ ಬಂತು. ಇಷ್ಟು ಚೆನ್ನಾಗಿ ಕಲಿಸಿಟ್ಟಿದ್ದಾರೆಂದರೆ ಮುಚ್ಚಿಡುವುದು ಏನೋ ದೊಡ್ಡದೇ ಇರಬೇಕು ಎಂದುಕೊಂಡು ಎದ್ದುಹೋದರು.

ನೀನು ಎರಡನೇ ಪುಟಕ್ಕೆ ತಳ್ಳಿದ್ದು ಮಾಲವ್ವನನ್ನು. ಪಕ್ಕದ ಮನೆಯವಳಾದರೂ ಅವಳೊಬ್ಬಳಿಗೆ ಪಾಠ ಹೇಳಿಕೊಡಲಿಲ್ಲ. ಮೊದಲಿನ ಸಂಬಂಧಗಳನ್ನು ಮುರಿದವಳು ಅವಳೇ ಎಂದು ನಿನಗೆ ಗಟ್ಟಿ ಅನುಮಾನ. ನನಗೂ ಇತ್ತು. ನಳದ ಮುಂದೆ ಕೊಡ ಇಡುವ ಸಲುವಾಗಿ ಜಗಳವಾಗಿ ಅವಳೂ ನಾನೂ ಮಾತು ಬಿಟ್ಟು ಎರಡು ವರ್ಷದ ಮೇಲಾಯಿತಲ್ಲ. ಅವಳು ಊರಲ್ಲಿಲ್ಲ ಎಂದು ಹೇಳಲು ಹರೀಶನಿಗೆ ನೀನು ಹೇಳಿಕೊಟ್ಟಿದ್ದೆ, ಅವನು ಹಾಗೆ ಹೇಳುವ ಹೊತ್ತಿಗೆ ಅವಳು ಅಂಗಡಿಯ ಎದುರಿಗೇ ಶಾವಿಗೆ ಒಣಗಿಸುತ್ತಿದ್ದಳು.

ಈಗ ಕೇಳು. ನಿನ್ನೆ ಸಂಜೆ ಉಳವಪ್ಪನವರು ಮತ್ತೆ ಬಂದರು. ನಮ್ಮ ಮನೆಗಲ್ಲ, ಸೀದಾ ಮಾಲವ್ವನ ಮನೆಗೆ. ಅವ್ವ ಕಿಟಕಿಯಿಂದ ನೋಡಿ, ಮುಗಿಯಿತು ಎಂದು ಕೂತುಬಿಟ್ಟಳು. ಅಪ್ಪ ರೇಡಿಯೊ ಆರಿಸಿದ. ನಾನು ಒಳಗೆ ಹೋಗಿ ಮಡಚಿದ ಬಟ್ಟೆಗಳನ್ನೇ ಮತ್ತೆ ಮಡಚುತ್ತಾ ನಿಂತೆ.

ಬಹಳ ಹೊತ್ತಿನ ಮೇಲೆ ಅವರು ನಮ್ಮ ಬಾಗಿಲಿಗೆ ಬಂದು, ಭಾನುವಾರ ಬಿಟ್ಟುಹೋದ ಚಹಾ ಈಗ ಕೊಡ್ರಿ ಎಂದರು. ಕುಡಿಯುತ್ತಾ ಎಲ್ಲ ಹೇಳಿದರು. ಸಂಬಂಧ ವಿಚಾರಿಸುವಾಗ ಆ ಮನೆಯವರ ಜೊತೆ ಮಾತು ಬಿಟ್ಟವರು ಯಾರು ಎಂದು ಹುಡುಕಿ ಅವರನ್ನು ಕೇಳುವುದು ಅವರ ಪದ್ಧತಿಯಂತೆ. ನಿಮ್ಮ ಕುಬೇರನಿಗೆ ಹೇಳು, ಎರಡನೇ ಪುಟವನ್ನೇ ತೆಗೆದು ಓದುವವರೂ ಇದ್ದಾರೆ.

ಮಾಲವ್ವ ನನ್ನನ್ನು ಬಿಡಲಿಲ್ಲವಂತೆ. ನನ್ನ ಬಾಯಿ, ನನ್ನ ಸಿಟ್ಟು, ನನ್ನ ಸೊಕ್ಕು, ಒಂದೊಂದನ್ನೇ ಎಳೆದು ಹಾಕಿದಳಂತೆ. ಆಮೇಲೆ ಅಂದದ್ದನ್ನು ಉಳವಪ್ಪನವರು ಅವಳ ದನಿಯಲ್ಲೇ ಹೇಳಿದರು.

"ಹ್ವಾದ ಮಳಿಗಾಲದಾಗ ನಾ ಜ್ವರ ಬಂದು ಹಾಸಿಗಿ ಹಿಡದಿದ್ನಿರಿ. ನಮ್ಮ ಮನಿಯವ್ರದು ಮಿಲ್‌ನ್ಯಾಗ ರಾತ್ರಿಪಾಳಿ. ಈ ಹುಡುಗಿ ದಿನಾ ಅಂಗಡಿಯಿಂದ ಬರೂವಾಗ ಕಿಟಕ್ಯಾಗ ಗುಳಿಗಿ ಇಟ್ಟು, ಹೊತ್ತ ಹೊತ್ತಿಗೆ ಹೆಂಗ ತಗೋಬೇಕಂತ ಪಾಕೀಟಿನ ಮ್ಯಾಲೆ ಬರದ ಹೋಗತಿದ್ಲು. ಒಂದ ಮಾತ ಆಡಲಿಲ್ಲ. ನಾನೂ ಆಡಲಿಲ್ಲ. ಅಷ್ಟ ಸೊಕ್ಕಿನಾಕಿ ಅದಾಳ ನೋಡ್ರಿ."

ಹಾಗಾದರೆ ಈ ಹುಡುಗಿಯನ್ನು ತರಬಹುದೋ ಬೇಡವೋ ಎಂದು ಉಳವಪ್ಪನವರು ಕೇಳಿದರಂತೆ. ಅದಕ್ಕೆ ಮಾಲವ್ವ ಕಣ್ಣೊರೆಸಿಕೊಂಡು, "ಒಯ್ರಿ. ಆದ್ರ ಆಕಿ ಹ್ವಾದ ಮ್ಯಾಲೆ ನಾ ಯಾರ ಜೋಡಿ ಜಗಳಾಡ್ಲಿ?" ಎಂದಳಂತೆ.

ಗುಳಿಗೆಯ ವಿಷಯ ನಾನು ನಿನಗೂ ಹೇಳಿರಲಿಲ್ಲ, ನಾಚಿಕೆಯಾಗಿತ್ತು. ಮೊದಲ ಸಂಬಂಧಗಳು ಯಾಕೆ ಮುರಿದವೋ ದೇವರಿಗೇ ಗೊತ್ತು, ಅವಳಿಂದಲ್ಲ. ಬರುವ ಭಾನುವಾರ ಲೋಕೇಶನ ಮನೆಯವರು ಸಕ್ಕರೆ ಹಂಚಿ ನಿಶ್ಚಯ ಮಾಡಲು ಬರುತ್ತಾರೆ. ನನಗೆ ಮೊದಲು ಉಡಿ ತುಂಬುವವಳು ಮಾಲವ್ವನೇ ಎಂದು ಅವ್ವನಿಗೆ ಹೇಳಿದೆ. ಮಾತು ಬಿಟ್ಟವಳನ್ನು ಹೇಗೆ ಕರೆಯುವುದು ಎಂದಳು ಅವ್ವ. ನಾನೂ ರಾತ್ರಿಯಿಡೀ ಅದನ್ನೇ ಯೋಚಿಸಿದೆ. ನಿನ್ನ ವಿನಯದ ವಾಕ್ಯಗಳೆಲ್ಲ ನೆನಪಾದವು, ಒಂದೂ ಅವಳಿಗೆ ಒಪ್ಪುವಂತಿರಲಿಲ್ಲ.

ಇವತ್ತು ಬೆಳಿಗ್ಗೆ ನೀರು ಬಂತು. ಮಾಲವ್ವನ ಪಾಳಿ ಇತ್ತು. ನಾನು ಹೋಗಿ, ನಳದ ಕೆಳಗಿದ್ದ ಅವಳ ಕೊಡವನ್ನು ಸರಿಸಿ ನನ್ನದನ್ನು ಇಟ್ಟೆ. ಅವಳು ನನ್ನನ್ನೇ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಯಾಕವಾ, ನಳ ನಿಮ್ಮಪ್ಪ ಹಾಕಿಸ್ಯಾನೇನು?" ಎಂದು ಶುರು ಮಾಡಿದಳು ನೋಡು, ನಾನೂ ಬಿಡಲಿಲ್ಲ. ಓಣಿಯೆಲ್ಲ ಹೊರಗೆ ಬಂತು, ಸಂಬಂಧ ಮತ್ತೆ ಮುರಿಯುತ್ತದೆ ಎಂದು ಅವ್ವ ಓಡಿ ಬಂದಳು. ಕೊಡ ತುಂಬಿ ಹರಿಯುತ್ತಿತ್ತು, ನಾವಿಬ್ಬರೂ ಬಯ್ಯುತ್ತಾ ಬಯ್ಯುತ್ತಾ ಅಳುತ್ತಿದ್ದೆವು.

ಶನಿವಾರದ ಬಸ್ಸಿಗೆ ಬಂದುಬಿಡು. ಯಾರಿಗೂ ಏನೂ ಹೇಳಿಕೊಡಬೇಡ. ಕಾಡುದಾರಿಯಲ್ಲಿ ದೇವರು ನಿನ್ನನ್ನು ಕಾಯಲಿ, ನಿನ್ನ ವಿಚಾರಣೆಗೆ ಬಂದವರಿಗೆ ಉತ್ತರಿಸಲು ನಿನಗೂ ಒಬ್ಬ ಮಾಲವ್ವ ಸಿಗಲಿ.

ನಿನ್ನ, ಒಂದಿಷ್ಟೂ ಮೃದು ಸ್ವಭಾವವಿಲ್ಲದ ಅಕ್ಕ,
ಪೂರ್ಣಿಮಾ