ಕುರ್ಚಿಯವಳಿಗೊಂದು ಪುಟ

ಮಾರ್ಚ್ 4, ಬೆಳಗ್ಗೆ 6.40

ಹಾಲು ಉಕ್ಕಿತು. ಒಲೆ ಒರೆಸಿ ಕಂಪ್ಯೂಟರ್ ತೆರೆದರೆ ಸುತ್ತಿಗೆ ಆಗಲೇ ಬಂದುಹೋಗಿದ್ದಾನೆ. ನಮ್ಮ ಆನ್‌ಲೈನ್ ವಿಶ್ವಕೋಶದಲ್ಲಿ ಅವನ ಹೆಸರು ಬೇರೆ ಏನೋ. ಕಂಡ ಲೇಖನಕ್ಕೆಲ್ಲ ‘ಅಳಿಸಿ’ ಅನ್ನುತ್ತಾನೆಂದು ನಾನಿಟ್ಟ ಹೆಸರು ಇದು. ಮುಖ ನೋಡಿದ್ದಿಲ್ಲ. ಹನ್ನೊಂದು ವರ್ಷದ ಜಗಳ ಮಾತ್ರ.

ಇವತ್ತು ನನ್ನ ಕುರ್ಚಿಯವಳ ಸರದಿ. “ಈ ಕಲಾವಿದೆಗೆ ಲೇಖನ ಬೇಕೆ? ಎರಡು ಸ್ವತಂತ್ರ ಆಧಾರ ಇರಬೇಕು. ಇರುವುದು ಒಂದು. ಏಳು ದಿನ ಚರ್ಚೆ.”

ಐದು ವರ್ಷದ ಹಿಂದೆ ಆ ಲೇಖನ ಬರೆದವಳು ನಾನೇ. ಹದಿನಾಲ್ಕು ಸಾಲು. ಈ ಕಲಾವಿದೆ ಬೀದಿಯ ಮನೆಮನೆಗೆ ಹೋಗಿ ಒಂದೊಂದು ಕುರ್ಚಿ ಕೇಳಿ ತಂದಳು. ಖಾಲಿ ಹಾಲ್‌ನಲ್ಲಿ ಗೋಡೆಗೆ ಮುಖ ಮಾಡಿಸಿ ಇಟ್ಟಳು. ಸಂಜೆಗೆ ಎಲ್ಲವೂ ವಾಪಸ್ಸು. ಅಷ್ಟೇ ಪ್ರದರ್ಶನ. ಫೋಟೋ ಇಲ್ಲ. ಒಂದು ಹಳೆ ಮಾಸಪತ್ರಿಕೆಯಲ್ಲಿ ಅರ್ಧ ಪುಟ ಬಂದಿತ್ತು, ಅದೇ ಆ ಒಂದು ಆಧಾರ.

ನಾನು ಕಣ್ಣಾರೆ ನೋಡಿದ್ದೆ. ಹತ್ತೊಂಬತ್ತು ವಯಸ್ಸು ಆಗ. ಹಾಲ್‌ನಲ್ಲಿ ಅವಳು, ನಾನು, ಕುರ್ಚಿಗಳು... ಆದರೆ ಕಣ್ಣಾರೆ ನೋಡಿದ್ದು ಆಧಾರವಲ್ಲ. ಆ ನಿಯಮ ಬರೆದವರಲ್ಲಿ ನಾನೂ ಒಬ್ಬಳು.

ಮಾರ್ಚ್ 5, ಪ್ರೆಸ್, ಊಟದ ಹೊತ್ತು

ಬೆಳಗಿನಿಂದ ಕೆಮ್ಮಿನ ಸಿರಪ್ಪಿನ ಚೀಟಿಯ ಪ್ರೂಫ್. ‘ಮಕ್ಕಳ ಕೈಗೆ ಸಿಗದಂತೆ ಇಡಿ’ — ಹದಿನಾರು ಸಲ ಓದಿದೆ. ಇವತ್ತು ಇದುವರೆಗೆ ನಾನು ಬಾಯಿಬಿಟ್ಟಿದ್ದು ಒಮ್ಮೆ, ಬಸ್ ಕಂಡಕ್ಟರ್ ಹತ್ತಿರ.

ಚರ್ಚಾಪುಟದಲ್ಲಿ ಕಲಾವಿದೆಯ ತಂಗಿ ಬರೆದಿದ್ದಾರೆ. ದಯವಿಟ್ಟು ಅಳಿಸಬೇಡಿ, ಫೋನ್ ಮಾಡಿ ಅಂತ ನಂಬರ್ ಸಮೇತ. ಲೋಕವೆಲ್ಲ ನೋಡುವ ಜಾಗ! ನಂಬರ್ ತೆಗೆದುಹಾಕಿದೆ. ತೆಗೆಯುವ ಮೊದಲು ಬರೆದುಕೊಂಡೆ.

ಮಾರ್ಚ್ 6

ಫೋನ್ ಮಾಡಿದೆ. ಎಪ್ಪತ್ತು ದಾಟಿದ ದನಿ.

“ಅಕ್ಕ ಹೋಗಿ ಎರಡು ವರ್ಷ ಆಯ್ತು ಮೇಡಂ. ನಮ್ಮ ಮನೇಲಿ ಅವಳ ಹೆಸರೇ ಹುಚ್ಚಿ. ನನ್ನ ಮಕ್ಕಳೂ ಹಾಗೇ ಅನ್ನೋರು. ನಿಮ್ಮ ಪೇಜ್ ತೋರಿಸಿದೆ ನೋಡಿ, ಅವತ್ತಿಂದ ಬಾಯಿ ಮುಚ್ಕೊಂಡ್ರು.”

“ಇನ್ನೊಂದು ಆಧಾರ ಬೇಕಮ್ಮ. ಪೇಪರ್, ಪುಸ್ತಕ, ಏನಾದ್ರೂ.”

“ನಾನಿದ್ದೀನಲ್ಲ? ನಾನು ಹೇಳಿದ್ರೆ ಆಗಲ್ವಾ?”

ಆಗಲ್ಲ ಅಂದೆ. ಹೇಳುವಾಗ ನನಗೇ ನಾಚಿಕೆಯಾಯಿತು.

ಮಾರ್ಚ್ 8, ಮಧ್ಯಾಹ್ನ

ಸಿಕ್ಕಿತು! ಲೈಬ್ರರಿಯ ಕೆಳಗಿನ ಕಪಾಟು. ಕಲಾಶಾಲೆಯ ಮೇಷ್ಟ್ರೊಬ್ಬರ ಪುಸ್ತಕ, ಹೋದ ವರ್ಷದ್ದು. ಪುಟ 112ರಲ್ಲಿ ನಮ್ಮ ಕುರ್ಚಿಯವಳು, ಪೂರ್ತಿ ಒಂದು ಪ್ಯಾರಾ. ‘ನಲವತ್ತೊಂದು ಕುರ್ಚಿಗಳು ಗೋಡೆಗೆ ಮುಖ ಮಾಡಿ...’

ಸ್ಕ್ಯಾನ್ ಮಾಡಿ ಹಾಕಿದೆ. ಅರ್ಧ ಗಂಟೆಯಲ್ಲಿ ಸುತ್ತಿಗೆಯ ಉತ್ತರ: “ಒಪ್ಪಿದೆ. ಉಳಿಸಿ.” ಹನ್ನೊಂದು ವರ್ಷದಲ್ಲಿ ಅವನ ಬಾಯಲ್ಲಿ ಆ ಮಾತು ಬಂದದ್ದು ಇದೇ ಮೊದಲು. ಕುಣಿಯುವಷ್ಟು ಖುಷಿ. ಯಾರಿಗಾದರೂ ಹೇಳಬೇಕು ಅನಿಸಿತು. ತಂಗಿಗೇ ಹೇಳಿದೆ. ಅತ್ತರು.

ಮಾರ್ಚ್ 9

ತಂಗಿ ಸಂತೋಷಕ್ಕೆ ಅಕ್ಕನ ಹಳೆಯ ನೋಟ್‌ಬುಕ್ಕಿನ ಫೋಟೋ ಕಳಿಸಿದ್ದಾರೆ. ಯಾವ ಮನೆಯಿಂದ ಯಾವ ಕುರ್ಚಿ ತಂದದ್ದು, ವಾಪಸ್ ಕೊಟ್ಟ ಮೇಲೆ ಒಂದೊಂದಕ್ಕೂ ಟಿಕ್. ಟೈಲರ್ ಮನೆ, ಕೈ ಮುರಿದದ್ದು. ಡಾಕ್ಟರ್ ಮನೆ, ತಿರುಗುವ ಕುರ್ಚಿ...

ಎಣಿಸಿದೆ. ಮೂವತ್ತೊಂದು. ಮತ್ತೆ ಎಣಿಸಿದೆ. ಮೂವತ್ತೊಂದೇ.

ಮಾಸಪತ್ರಿಕೆಯಲ್ಲಿ ಸಂಖ್ಯೆ ಇಲ್ಲ. ಲೇಖನದಲ್ಲಿ ನಲವತ್ತೊಂದು ಎಂದು ಬರೆದವಳು ನಾನು, ನೆನಪಿನಿಂದ. ನಿಯಮ ಮುರಿದು ಬರೆದ ಒಂದೇ ಒಂದು ಸಂಗತಿ, ಅದೂ ತಪ್ಪು. ಹಾಗಾದರೆ ಮೇಷ್ಟ್ರಿಗೆ ನಲವತ್ತೊಂದು ಎಲ್ಲಿಂದ ಬಂತು? ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದೆ. ನನ್ನ ಲೇಖನವನ್ನೇ ಎತ್ತಿ, ನಾಲ್ಕು ಪದ ಬದಲಿಸಿದ್ದಾರೆ. ಕೋತಿ ತಾನೂ ಕೆಟ್ಟು ವನವನ್ನೆಲ್ಲ ಕೆಡಿಸಿತಂತೆ. ನಾನು ಹೇಳಿದ್ದಕ್ಕೆ ನಾನೇ ಸಾಕ್ಷಿ!

ನೋಟ್‌ಬುಕ್ ಅವಳದೇ ಬರಹ, ಸ್ವತಂತ್ರ ಆಧಾರವಾಗದು. ಈ ವಿಷಯ ಗೊತ್ತಿರುವುದು ನನಗೊಬ್ಬಳಿಗೆ. ಸುಮ್ಮನಿದ್ದರೆ ಪುಟ ಉಳಿಯುತ್ತದೆ.

ಮಾರ್ಚ್ 10

ಸುಮ್ಮನಿದ್ದೆ.

ಮಾರ್ಚ್ 11, ಬೆಳಗ್ಗೆ 7

ಕೊನೆಯ ದಿನ. ಬರೆದುಬಿಟ್ಟೆ. “ಪುಸ್ತಕದ ಮೂಲ ನಮ್ಮದೇ ಲೇಖನ. ಅದರಲ್ಲಿದ್ದ ತಪ್ಪು ನನ್ನದು. ಆಧಾರ ಒಂದೇ. ಅಳಿಸಿ.”

ಸುತ್ತಿಗೆ ತಡಮಾಡಿ ಉತ್ತರಿಸಿದ. “ನಿಮಗೆ ಇದು ಬೇಕಿತ್ತು ಅಂತ ಗೊತ್ತು. ಬೇಜಾರಾಯ್ತು.” ಆಮೇಲೆ ಅಳಿಸಿದ. ಇನ್ನೊಂದು ಸಾಲು ಬರೆಯಬಹುದೇನೋ ಎಂದು ಕಾದೆ. ಇಲ್ಲ.

ತಂಗಿಗೆ ಎಲ್ಲವನ್ನೂ ಮೆಸೇಜ್ ಮಾಡಿದೆ, ಸಂಖ್ಯೆ ನೆನಪಿನಿಂದ ಬರೆದದ್ದನ್ನೂ. ಓದಿದ್ದಾರೆ.

ಮಾರ್ಚ್ 17

ಉತ್ತರವಿಲ್ಲ. ಮಾಡಿದ್ದು ಸರಿ. ಸರಿಯಾದದ್ದು ಮಾಡಿದರೆ ಮನಸ್ಸು ಹಗುರಾಗುತ್ತದೆ ಅಂದವರು ಯಾರೋ, ಸಿಕ್ಕರೆ ಕೇಳಬೇಕು.

ಮಾರ್ಚ್ 29, ಭಾನುವಾರ

ಫೋನ್ ಬಂತು. ತಂಗಿ! ಬೈಯಲಿ ಎಂದುಕೊಂಡೇ ಎತ್ತಿದೆ.

“ಪೇಜ್ ಹೋಗ್ಲಿ ಬಿಡಮ್ಮ. ಒಂದು ಮಾತು ಕೇಳ್ಬೇಕಿತ್ತು. ಎಷ್ಟು ಕುರ್ಚಿ ಅಂತ ನೆನಪಿಂದ ಬರ್ದೆ ಅಂದ್ಯಲ್ಲ, ಹಾಗಾದ್ರೆ ನೀನು ಹೋಗಿ ನೋಡಿದ್ದೆ ತಾನೆ? ನಾನು ಹೋಗ್ಲಿಲ್ಲ. ಅವತ್ತು ನಂಗೂ ಅವಳು ಹುಚ್ಚಿನೇ. ಹೇಗಿದ್ಲು ಹೇಳು.”

ಮೇಡಂ ಹೋಗಿ ‘ನೀನು’ ಆಗಿದ್ದೆ. ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ. ಹೇಳಿದೆ. ಕಿಟಕಿಯ ಬೆಳಕು, ಕಸ ಗುಡಿಸಿದ ನೆಲ, ಅವಳು ಬಾಗಿಲ ಬಳಿ ನಿಂತದ್ದು. ನೆನಪಿದ್ದದ್ದು ಐದು ನಿಮಿಷಕ್ಕೆ ಮುಗಿಯಿತು.

“ನಕ್ಕಳಾ?” ಎಂದರು.

ನೆನಪಿಲ್ಲ. ನಿಜಕ್ಕೂ ನೆನಪಿಲ್ಲ. “ಹೂಂ, ನನ್ನ ನೋಡಿ ನಕ್ಕರು” ಅಂದುಬಿಟ್ಟೆ.

ಆ ಕಡೆ ಉಸಿರು ಬಿಟ್ಟದ್ದು ಕೇಳಿಸಿತು. “ನಾಳೆ ಮತ್ತೆ ಮಾಡ್ತೀನಿ. ಇನ್ನೂ ಹೇಳ್ಬೇಕು ನೀನು.”

ಮಾಡಿ ಅಂದೆ. ಹೇಳಲು ಏನೂ ಉಳಿದಿಲ್ಲ. ಹಾಗಂತ ಹೇಳಿದರೆ ಫೋನ್ ಬರುವುದು ನಿಂತುಹೋಗುತ್ತದೆ. ನಾಳೆಗೆ... ಮೆಲ್ಲಗೆ ಏನೋ ಗುನುಗುತ್ತಿದ್ದರು ಅನ್ನಲೇ? ಒಂದು ಕುರ್ಚಿಯ ಹತ್ತಿರ ಹೋಗಿ, ಅದರ ಬೆನ್ನಿನ ಮೇಲೆ ಕೈಯಿಟ್ಟು, ‘ಇದು ನನ್ನ ತಂಗಿಗೆ’ ಅಂತ —