ತಲೆಕೆಳಗಾದ ಗ್ಯಾಸ್ಕೆಟ್

ಭಾಮೈದ ಮಹಾಶಯ,

ಎದ್ದ ಕೂಡಲೇ ಲೋಹ ಉಜ್ಜುವ ಗ್ರೈಂಡರ್ ಹುಡುಕಬೇಡ. ಅದರ ಕಲ್ಲನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದೇನೆ.

ನಿನ್ನ ಘನಕಾರ್ಯ ನೋಡಿದೆ. "ಗಾಳಿ ತರೋ ಮ್ಯಾನಿಫೋಲ್ಡಿನ ತೂತಿಗೂ ಇಂಜಿನ್ ಮೇಲಿನ ಸಿಲಿಂಡರ್ ಹೆಡ್ಡಿನ ತೂತಿಗೂ ಉಜ್ಜಿ ಅಂಚು ಕೂಡಿಸಿಬಿಟ್ರೆ ಗಾಳಿ ಸಲೀಸಾಗಿ ನುಗ್ಗುತ್ತೆ ಭಾವ, ಅಕ್ಕನ ಕಾರು ಏರು ಹತ್ತೋದು ನೋಡ್ತಾ ಇರಿ" ಅಂದವನು ನೀನೇ ತಾನೆ? ಅವೆರಡರ ನಡುವೆ ಕೂರುವ ಗ್ಯಾಸ್ಕೆಟ್ಟನ್ನು ಬೋಲ್ಟು ಹಾಕಿ ಕೂರಿಸಿಯೇ, ಅದರ ತೂತಿನ ಸುತ್ತ ಉಜ್ಜುವ ಗೆರೆ ಎಳೆ ಅಂತ ಬಡಕೊಂಡೆ. ಬೋಲ್ಟು ಹಾಕಿದ್ದರೆ ಅದು ತಲೆಕೆಳಗಾಗಿ ಕೂರುತ್ತಲೇ ಇರಲಿಲ್ಲ. ನಿನಗೆ ಕೈಯಲ್ಲಿ ಹಿಡಿದರೆ ಸಾಕು! ಆ ತಪ್ಪು ಗೆರೆಯವರೆಗೂ ಬಾವಿ ತೋಡಿದ ಹಾಗೆ ಉಜ್ಜಿ, ಹೆಡ್ಡಿನೊಳಗೆ ಗಾಳಿಯ ದಾರಿಯಿಂದ ಇಂಜಿನ್ ತಂಪು ಮಾಡುವ ನೀರಿನ ದಾರಿಗೆ ಕಿಟಕಿ ಇಟ್ಟಿದ್ದೀಯ. ಶಭಾಷ್. ಇನ್ನು ಇಂಜಿನ್ನು ನೀರು ಕುಡಿದುಕೊಂಡು ಬಿದ್ದಿರಲಿ.

ಸೋಮವಾರ ಕೆಲಸಕ್ಕೆ ಹೋಗಲು ನಿನ್ನ ಅಕ್ಕನಿಗೆ ಕಾರು ಬೇಕೇ ಬೇಕು. ಬೇರೆ ಹೆಡ್ಡು ತರಲು ಗುಜರಿಗೆ ಹೊರಟಿದ್ದೇನೆ. ಅಷ್ಟರೊಳಗೆ ಬಚ್ಚಲು ತೊಳೆ. ಅಲ್ಲಿ ಕೂತು ಉಜ್ಜಿ ನೀನು ಉದುರಿಸಿದ ಲೋಹದ ಪುಡಿ ಸೋಪಿಗೆ ಅಂಟಿ ನನ್ನ ಬೆನ್ನೆಲ್ಲ ಗೀರಿದೆ. ಮ್ಯಾನಿಫೋಲ್ಡನ್ನು ಸೀಮೆಎಣ್ಣೆಯಲ್ಲಿ ತೊಳೆದಿಡು, ಅಕ್ಕನ ಹಿಟ್ಟು ಕಲೆಸುವ ಪಾತ್ರೆಯಲ್ಲಿ ಅಲ್ಲ.

ಹೊಸ ಹೆಡ್ಡಿಗೂ ಗೆರೆ ನೀನೇ ಎಳೆಯಬೇಕು. ನಾನು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತೇನೆ. ತಪ್ಪಿದರೆ ಅಳಿಸಿ ಮತ್ತೆ ಎಳೆ, ಕೆಲಸ ಬಿಟ್ಟು ಓಡಿದರೆ ಕಾಲು ಮುರಿಯುತ್ತೇನೆ.

ಹೆಡ್ಡು ಮೊದಲೇ ಬಿರುಕು ಬಿಟ್ಟಿತ್ತು ಅಂತ ನಿನ್ನ ಅಕ್ಕನಿಗೆ ಹೇಳಿದ್ದೇನೆ. ಅವಳು ನಂಬಿದಂತಿಲ್ಲ. ಕೇಳಿದರೆ ನೀನೂ ಅದನ್ನೇ ಹೇಳು. ಹೇಳುವಾಗ ಹಲ್ಲು ಕಿರಿಯಬೇಡ, ಇಬ್ಬರೂ ಸಿಕ್ಕಿಬೀಳುತ್ತೇವೆ.

— ಭಾವ