ಗುಲಾಬಿ ಬುದ್ಧನಿಗೆ ವಿಭೂತಿ

ಹೊಂಗಡಹಳ್ಳ, ೧೪-೨-೨೦೦೩

ತಂಗಿ ಜಗದಾಂಬ,

ಎಸ್ಟೇಟ್ ಬಂಗಲೆಯಿಂದ ನಿನ್ನಣ್ಣನ ಆಶೀರ್ವಾದ. ಊಟದ ಕೋಣೆಯ ಗೋಡೆಯ ಮೇಲೆ ಧಣಿಗಳು ನನ್ನ ಕೈಲಿ ಬರೆಸಿದ ಶಿವನ ಚಿತ್ರ ಮೊನ್ನೆ ಮುಗಿಯಿತು. ಕಡೆಗೆ ಕಣ್ಣು ಬರೆದು, ಕೈಮುಗಿದು ಏಣಿ ಇಳಿದೆ. ನಿನ್ನೆ ಅವರೇ ಬೊಂಬಾಯಿಯ ಯಾವನೋ ಕಲಾವಿದನ ಅಚ್ಚಿನ ಚಿತ್ರ ತಂದು ಎದುರು ಗೋಡೆಗೆ ಹಾಕಿದರು. ಬುದ್ಧನಂತೆ! ಮುಖ ಗುಲಾಬಿ, ತುಟಿ ಹಸಿರು, ಕೂತ ತಾವರೆಯ ಸುತ್ತ ಸೋಡಾ ಬಾಟಲಿ. ಐವತ್ತೇ ಅಚ್ಚು ಹಾಕಿ ನಿಲ್ಲಿಸಿದ್ದಾರಂತೆ, ಅದಕ್ಕೇ ಅಷ್ಟು ಬೆಲೆಯಂತೆ. ಮೂಲೆಯಲ್ಲಿ ಅವನ ಸಹಿ ಬೇರೆ. ನನ್ನ ಶಿವ ಇರುವುದು ಒಂದೇ ಒಂದು, ಸಹಿ ಹಾಕಿ ಅಂತ ಯಾರೂ ಅನ್ನಲಿಲ್ಲ.

ಅದನ್ನೂ ಸಹಿಸಿಕೊಂಡೆ. ಬೆಳಿಗ್ಗೆ ನೋಡಿದರೆ ಅಡಿಗೆಯ ಚೆಲುವಮ್ಮ ಆ ಬುದ್ಧನ ಗಾಜಿನ ಮೇಲೆ ಮೂರೆಳೆ ವಿಭೂತಿ ಎಳೆದು ಊದುಬತ್ತಿ ಹಚ್ಚಿದ್ದಾಳೆ! "ಅದು ಶಿವ ಅಲ್ಲ ಕಣಮ್ಮ, ಶಿವ ಈ ಗೋಡೆ ಮ್ಯಾಲವ್ನೆ," ಅಂದೆ.

"ಯಾರಾದ್ರೇನು ಬುಡಣ್ಣ, ಕಣ್ ಮುಚ್ಕಂಡು ತಣ್ಣಗೆ ಕುಂತವ್ನೆ. ನಿಮ್ ಶಿವ ತೋಟದಾಗೆ ಆಳುಗಳ ಹಾಜ್ರಿ ಹಿಡಿಯೋ ರೈಟರ್ ಇದ್ದಂಗವ್ನೆ, ಎತ್ಲಾಗ್ ಹೋದ್ರೂ ನನ್ನೇ ನೋಡ್ತಾನೆ," ಅಂದುಬಿಟ್ಟಳು.

ಕಣ್ಣು ಬರೆದ ಮೇಲೆ ದೇವರಿಗೆ ಮತ್ತೆ ಕುಂಚ ತಾಗಿಸಬಾರದು ಅಂತ ನಮ್ಮೂರು ಮಗ್ಗೆಗೆಲ್ಲ ಹೇಳಿದವನು ನಾನೇ. ಆದರೂ ಈ ಕಾರ್ಡು ಮುಟ್ಟಿದ ಕೂಡಲೇ ಮನೆಯಲ್ಲಿರುವ ನನ್ನ ಇನ್ನೊಂದು ಸಣ್ಣ ಕುಂಚವನ್ನು ಇತ್ತ ಬರುವವರ ಕೈಲಿ ಕಳಿಸು, ಇಲ್ಲಿಯದು ಸವೆದಿದೆ. ಶಿವನ ರೆಪ್ಪೆ ಇಳಿಸುತ್ತೇನೆ. ಮಂಡಿನೋವು ವಾಸಿ, ಏಣಿ ಹತ್ತಬಲ್ಲೆ. ಅಂಚೆಯಣ್ಣ ಬಾಗಿಲಲ್ಲೇ ನಿಂತಿದ್ದಾನೆ. ಅವಳ ಊದುಬತ್ತಿ ನನ್ನ ಗೋಡೆಗೆ ಬರುವ ತನಕ ನಾನು ಊರಿಗೆ ಬರುವುದಿಲ್ಲ.

ನಿನ್ನಣ್ಣ
ನಂಜುಂಡಯ್ಯ